ಸೂರು ಸೋರುವಾಗ ಗೋಡೆಗೆ ಬಣ್ಣ

ಸಾರ್ವಜನಿಕ ರಂಗಮಂದಿರವೊಂದರ ಜೀರ್ಣೋದ್ಧಾರವೆಂದೊಡನೆ ನಮ್ಮ ಪಟ್ಟಣಗಳಲ್ಲಿ ಮೊದಲು ಏಳುವುದು ಮುಂಭಾಗದ ಸಾರುವೆ. ಗೋಡೆಗೆ ಬಣ್ಣ ಬೀಳುತ್ತದೆ, ಹಳೆಯ ಕಂಬಗಳಿಗೆ ಹೊಳಪಿನ ಹಲಗೆಗಳ ಹೊದಿಕೆ ಬರುತ್ತದೆ, ಉದ್ಘಾಟನೆಯ ಶಿಲಾಫಲಕವೂ ಸಿದ್ಧವಾಗುತ್ತದೆ. ಚಾವಣಿಯನ್ನು ಹತ್ತಿ ನೋಡುವವರು ವಿರಳ. ಅಲ್ಲಿ ಯಾರ ಹೆಸರನ್ನೂ ಕೆತ್ತಿಸುವಂತಿಲ್ಲವಷ್ಟೆ. ಈ ಕ್ರಮವೇ ತಲೆಕೆಳಗಾದುದೆಂಬುದು ನನ್ನ ಅಭಿಪ್ರಾಯ.

ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣದ ಸಮೀಪದ ವಿಕ್ಟೋರಿಯಾ ಪಬ್ಲಿಕ್ ಹಾಲ್ ಇದಕ್ಕೆ ನಿದರ್ಶನ. 1883ರಲ್ಲಿ ಅಡಿಗಲ್ಲು ಕಂಡ ಈ ಕೆಂಪು ಕಟ್ಟಡದ ವಿನ್ಯಾಸ ರಾಬರ್ಟ್ ಚಿಸಂ ಅವರದು, ನಿರ್ಮಾಣ ನಂಬೆರುಮಾಳ್ ಚೆಟ್ಟಿಯವರದು. ಪಳನಿ, ಕಂಬಂ ಸೀಮೆಯ ಕನ್ನಡ ಮನೆಮಾತಿನ ವಿದ್ಯಾರ್ಥಿಗಳಿಗೆ ಅದು ದೂರದ ಊರಿನ ಕಥೆಯೆನಿಸಬಹುದು. ಆದರೆ ಬಳ್ಳಾರಿಗೂ ಅದಕ್ಕೂ ನಂಟಿದೆ. 1891ರಲ್ಲಿ ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆ ಬಳ್ಳಾರಿಯಿಂದ ಬಂದು ಅಲ್ಲಿ ನಾಟಕವಾಡಿತು. ಆಡಿದ ಭಾಷೆ ತೆಲುಗು. ಊರು ಮಾತ್ರ ನಮ್ಮದು. ಆ ಪ್ರಯೋಗವನ್ನು ಕಂಡು ಪ್ರೇರಿತರಾದ ಪಮ್ಮಲ್ ಸಂಬಂಧ ಮುದಲಿಯಾರರು ಅದೇ ವರ್ಷ ಸುಗುಣವಿಲಾಸ ಸಭೆಯನ್ನು ಕಟ್ಟಿದರು. ತಮಿಳಿನ ಹವ್ಯಾಸಿ ರಂಗಭೂಮಿ ಬೆಳೆದದ್ದು ಆ ಸೂರಿನಡಿಯಲ್ಲಿ.

ಬಹುಕಾಲ ಶಿಥಿಲವಾಗಿ ನಿಂತಿದ್ದ ಅದರ ಪುನರುದ್ಧಾರವನ್ನು ಮಹಾನಗರಪಾಲಿಕೆ 2023ರಲ್ಲಿ ಕೈಗೆತ್ತಿಕೊಂಡಿತು. ಯೋಜನೆಯ ಮೊತ್ತ 30 ಕೋಟಿ ರೂಪಾಯಿಗೂ ಹೆಚ್ಚು. ಕೆಲಸ ಅಗತ್ಯವಾದುದೇ. ಆದರೆ ಇಷ್ಟು ದೊಡ್ಡ ಮೊತ್ತದಲ್ಲಿ ವರ್ಷವರ್ಷವೂ ಮಾಡದೆ ಉಳಿಸಿದ ಸಣ್ಣ ರಿಪೇರಿಗಳ ಬಡ್ಡಿಯೂ ಸೇರಿದೆಯೆಂಬುದನ್ನು ಮರೆಯಲಾಗದು.

ಆ ಕಾಲದ ಕಟ್ಟಡಗಳ ‘ಮದರಾಸು ತಾರಸಿ’ಯ ರಚನೆಯನ್ನೇ ನೋಡಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂಡಿಸುತ್ತಾರೆ. ಮೇಲೆ ಸುಣ್ಣ ಬೆರೆಸಿದ ಇಟ್ಟಿಗೆ ಜಲ್ಲಿಯನ್ನು ಬಡಿದು ಗಟ್ಟಿ ಮಾಡಿ, ಚಪ್ಪಟೆ ಹೆಂಚು ಹಾಸುತ್ತಾರೆ. ಸುಣ್ಣ ಹೀರಿದ ತೇವವನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಇಂಥ ತಾರಸಿಯ ಬಿರುಕಿಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ದಾರಿಯೇ ಇಲ್ಲ. ಇಟ್ಟಿಗೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹೊರಗೋಡೆಗೆ ನೀರಿಳಿಯದ ಬಣ್ಣ ಬಳಿದಾಗಲೂ ಆಗುವುದು ಇದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಗುತ್ತಿಗೆದಾರನ ಬಿಲ್ಲು ಅಷ್ಟರೊಳಗೆ ಪಾವತಿಯಾಗಿರುತ್ತದೆ.

ಗಾರೆ ಕೆಲಸ ಬಲ್ಲವರೇ ಸಿಗುವುದಿಲ್ಲವೆಂಬ ಆಕ್ಷೇಪ ಅರ್ಧ ಸತ್ಯ. ಕಾರೈಕ್ಕುಡಿಯ ಸೀಮೆಯಲ್ಲಿ ಅಂಥವರು ಇಂದಿಗೂ ಇದ್ದಾರೆ. ದಿಂಡಿಗಲ್ಲಿನಿಂದ ಅದೇನೂ ದೂರವಲ್ಲ. ಟೆಂಡರಿನ ಷರತ್ತುಗಳಲ್ಲಿ ಸುಣ್ಣದ ಹೆಸರೇ ಇಲ್ಲದಿದ್ದರೆ ಅವರನ್ನು ಕರೆಯುವವರಾದರೂ ಯಾರು?

ನಮ್ಮ ಸೀಮೆಗೆ ಹೆಚ್ಚಿನ ಮಳೆ ತರುವುದು ಹಿಂಗಾರು. ಹಳೆಯ ಸಭಾಭವನವುಳ್ಳ ಪ್ರತಿಯೊಂದು ಪುರಸಭೆಯೂ ಐಪ್ಪಸಿ ಹುಟ್ಟುವುದಕ್ಕೆ ಮುನ್ನ ಚಾವಣಿಯ ದೋಣಿಗಳನ್ನು ತೆರವು ಮಾಡಿಸಿ, ಗೋಡೆಯ ಸಂದಿಯಲ್ಲಿ ಚಿಗುರಿದ ಅರಳಿಸಸಿಯನ್ನು ಬೇರುಸಹಿತ ಕೀಳಿಸಲಿ. ಅದಕ್ಕಾಗಿ ವಾರ್ಷಿಕ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತು ಇರಲಿ. ಮುಂಭಾಗದ ಬಣ್ಣದ ಬಿಲ್ಲಿಗೆ ಸಹಿ ಹಾಕುವ ಮುನ್ನ ಅಭಿಯಂತರರು ಒಂದು ಮಳೆಯ ದಿನ ಒಳಗೆ ಕುಳಿತು ಸೂರನ್ನು ನೋಡಲಿ.