ಬಿಟ್ಟ ಮೀನು ಬದುಕುವುದಿಲ್ಲ

2024ರಲ್ಲಿ ಅಮೆರಿಕದ ಆಗ್ನೇಯ ಕರಾವಳಿಯ ಹವ್ಯಾಸಿ ಗಾಳದವರಿಗೆ ರೆಡ್ ಸ್ನ್ಯಾಪರ್ ಹಿಡಿಯಲು ಅಲ್ಲಿನ ಕೇಂದ್ರ ಸರ್ಕಾರ ಕೊಟ್ಟದ್ದು ಒಂದೇ ಒಂದು ದಿನ: ಜುಲೈ 12, ಶುಕ್ರವಾರ. ತಲೆಗೊಂದು ಮೀನು. ನಮ್ಮ ಕರಾವಳಿಯಲ್ಲಿ ಕೆಂಬೇರಿ ಎನ್ನುತ್ತೇವಲ್ಲ, ಅದರದೇ ಬಳಗದ್ದು ಇದು. ಬಂಡೆಗಲ್ಲುಗಳ ಸುತ್ತ ಬದುಕುವ, ಐವತ್ತು ವರ್ಷ ದಾಟಬಲ್ಲ ಮೀನು. ಉತ್ತರ ಕೆರೊಲಿನಾದಿಂದ ಫ್ಲೋರಿಡಾದವರೆಗೆ ದೋಣಿ ಇದ್ದವರೆಲ್ಲ ಸರ್ಕಾರವನ್ನು ಶಪಿಸಿದರು. ಮರುವರ್ಷ ಒಂದು ದಿನ ಎರಡಾಯಿತು, ಶಾಪ ನಿಲ್ಲಲಿಲ್ಲ.

ಜಗಳವೆಲ್ಲ ಆ ಒಂದು ದಿನದ ಬಗ್ಗೆ. ನನ್ನ ತಕರಾರು ಉಳಿದ 365 ದಿನಗಳ ಬಗ್ಗೆ. (ಅದು ಅಧಿಕ ವರ್ಷ, ಲೆಕ್ಕ ಸರಿಯಾಗಿದೆ.)

ಜುಲೈ 13ರಂದು ಅದೇ ದೋಣಿ ಅದೇ ಕಲ್ಲಿನ ಮೇಲೆ ನಿಲ್ಲುತ್ತದೆ. ಗಾಳವೂ ಅದೇ, ಎರೆಯೂ ಅದೇ. ಇವತ್ತು ಬೇಕಾದದ್ದು ಗ್ರೂಪರ್, ಸೀ ಬಾಸ್. ಆದರೆ ಗಾಳಕ್ಕೆ ಕಾನೂನು ಓದಲು ಬರುವುದಿಲ್ಲ, ಸ್ನ್ಯಾಪರೇ ಕಚ್ಚುತ್ತದೆ. ನೂರಿನ್ನೂರು ಅಡಿ ಆಳದಿಂದ ಸರಸರನೆ ಮೇಲೆಳೆದಾಗ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ. ಜಠರ ಬಾಯಿಂದ ಹೊರಗೆ ಬಂದು ಕೆಂಪು ಬಲೂನಿನಂತೆ ತೂಗುತ್ತದೆ, ಕಣ್ಣುಗುಡ್ಡೆ ಹೊರಚಾಚುತ್ತದೆ. ಕಾನೂನು ಹೇಳುತ್ತದೆ, ಬಿಟ್ಟುಬಿಡು. ಗಾಳದವನು ಬಿಡುತ್ತಾನೆ. ಉಬ್ಬಿದ ಮೀನಿಗೆ ಕೆಳಗಿಳಿಯಲು ಆಗುವುದಿಲ್ಲ. ಹೊಟ್ಟೆ ಮೇಲಾಗಿ ತೇಲುತ್ತದೆ. ದೋಣಿಯ ಬೆನ್ನು ಹತ್ತಿದ ಡಾಲ್ಫಿನ್‌ಗೋ ಶಾರ್ಕಿಗೋ ಅಂದಿನ ಊಟ ಆಯಿತು.

ಹೀಗೆ ಬಿಟ್ಟು ಕೊಂದ ಮೀನು ವಿಜ್ಞಾನಿಗಳ ಲೆಕ್ಕದಲ್ಲಿದೆ. ಆ ಸಮುದ್ರದಲ್ಲಿ ಮನುಷ್ಯನ ಕೈಯಿಂದ ಸಾಯುವ ರೆಡ್ ಸ್ನ್ಯಾಪರ್‌ನಲ್ಲಿ ಬಹುಪಾಲು ಇದೇ. ವರ್ಷಕ್ಕೆ ಇಷ್ಟು ಸಾಯಬಹುದು ಎಂದು ಇಟ್ಟ ಮಿತಿಯನ್ನು ಅದೇ ನುಂಗಿ, 2024ರಲ್ಲಿ ಮನೆಗೆ ಒಯ್ಯಲು ಉಳಿದದ್ದು ಒಂದು ದಿನದ ಪಾಲು. ಅಂದರೆ ಲೆಕ್ಕ ಇಟ್ಟಿದ್ದಾರೆ, ಸಾವನ್ನು ತಡೆದಿಲ್ಲ. ಮಿತಿ ಮೀರಿದಾಗಲೆಲ್ಲ ಹಿಡಿಯುವ ದಿನ ಕಡಿಮೆ ಮಾಡುವುದು, ಹಾಗೆ ಮಾಡಿದಷ್ಟೂ ಎಸೆಯುವ ಮೀನು ಹೆಚ್ಚುವುದು: ಇದನ್ನು ಸಂರಕ್ಷಣೆ ಎಂದು ಕರೆಯುವವರ ಧೈರ್ಯ ಮೆಚ್ಚಬೇಕು.

ಗಾಳದವರ ವಾದವನ್ನೂ ಕೇಳೋಣ. ‘ಮೀನು ರಾಶಿ ಬಿದ್ದಿದೆ, ಇದನ್ನು ದಾಟಿ ಬೇರೆ ಮೀನು ಹಿಡಿಯಲು ಆಗುತ್ತಿಲ್ಲ’ ಎನ್ನುತ್ತಾರೆ. ಸುಳ್ಳಲ್ಲ. ಹಲವು ದಶಕಗಳಲ್ಲಿ ಕಾಣದಷ್ಟು ಮೀನು ಈಗಿದೆ. ಆದರೆ ಅದರಲ್ಲಿ ಹೆಚ್ಚಿನದು ಎಳೆಯದು. ಇಪ್ಪತ್ತು ಮೂವತ್ತು ವರ್ಷದ ತಾಯಿಮೀನು ಒಂದೇ ಹಾಕುವ ಮೊಟ್ಟೆಗೆ ಎಳೆಯ ಮೀನುಗಳ ದೊಡ್ಡ ಹಿಂಡೂ ಸಮ ಬರುವುದಿಲ್ಲ. ಅವರ ಇನ್ನೊಂದು ದೂರು, ಸರ್ಕಾರದ ಎಣಿಕೆಯೇ ತಪ್ಪು ಎಂಬುದು. ಅದರಲ್ಲೂ ಹುರುಳಿದೆ. ಹವ್ಯಾಸಿಗಳು ಎಷ್ಟು ಸಲ ಕಡಲಿಗಿಳಿದರು ಎಂದು ಅಂಚೆಯಲ್ಲಿ ಕೇಳುವ ಸಮೀಕ್ಷೆಯ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ನೋಡಿದಾಗ ಅಂದಾಜು ಶೇಕಡಾ 30ರಿಂದ 40ರಷ್ಟು ಇಳಿಯಿತು ಎಂದು ಅಲ್ಲಿನ ಮೀನುಗಾರಿಕಾ ಇಲಾಖೆಯೇ 2023ರಲ್ಲಿ ಒಪ್ಪಿಕೊಂಡಿತು. ಸರಿ, ತಕ್ಕಡಿ ಕೆಟ್ಟಿದೆ. ತಕ್ಕಡಿ ಕೆಟ್ಟಿತೆಂದು ಅಂಗಡಿಯ ಬಾಗಿಲು ತೆರೆದಿಟ್ಟು ಹೋಗುವುದುಂಟೆ?

ಪಕ್ಕದ ಮೆಕ್ಸಿಕೋ ಕೊಲ್ಲಿಯಲ್ಲಿ ಇದೇ ಮೀನಿನ ಕಥೆ ಬೇರೆ ದಾರಿ ಹಿಡಿಯಿತು. 1990ರ ದಶಕದಲ್ಲಿ ಅಲ್ಲಿನ ವೃತ್ತಿ ಮೀನುಗಾರರಿಗೆ ಒಟ್ಟು ಮಿತಿ ಇತ್ತು, ಯಾರಿಗೆ ಎಷ್ಟು ಎಂದು ಇರಲಿಲ್ಲ. ಋತು ತೆರೆದ ದಿನ ಎಲ್ಲರೂ ಒಟ್ಟಿಗೆ ನುಗ್ಗುವುದು, ಬಿರುಗಾಳಿಯಲ್ಲೂ ಹೋಗುವುದು, ಒಂದೇ ವಾರದಲ್ಲಿ ಮಾರುಕಟ್ಟೆ ತುಂಬಿ ದರ ನೆಲ ಕಚ್ಚುವುದು. 2007ರಲ್ಲಿ ಪ್ರತಿಯೊಬ್ಬರಿಗೂ ಪಾಲು ಹಂಚಿದರು. ಪಾಲು ಕೈಯಲ್ಲಿದ್ದವನು ದರ ನೋಡಿ, ಹವೆ ನೋಡಿ, ವರ್ಷವಿಡೀ ಹಿಡಿಯಬಹುದು. ಇನ್ನೊಂದು ಗಾಯ ಸಿಗಡಿಯ ಟ್ರಾಲ್ ಬಲೆಯದು. ಒಂದು ವರ್ಷವೂ ತುಂಬದ ಸ್ನ್ಯಾಪರ್ ಮರಿಗಳು ಅದರಲ್ಲಿ ಸಿಕ್ಕಿ ಸಾಯುತ್ತಿದ್ದವು. 1998ರಿಂದ ಬಲೆಯಲ್ಲಿ ಮೀನು ತಪ್ಪಿಸಿಕೊಳ್ಳುವ ಕಿಂಡಿ ಕಡ್ಡಾಯವಾಯಿತು. ಆದರೆ ಕಿಂಡಿಯ ಜೊತೆ ದುಬಾರಿ ಡೀಸೆಲ್, 2005ರ ಕತ್ರಿನಾ ಮತ್ತು ರೀಟಾ ಚಂಡಮಾರುತಗಳು, ಭಾರತದ್ದೂ ಸೇರಿದಂತೆ ಏಷ್ಯಾದ ಅಗ್ಗದ ಸಾಕಣೆ ಸಿಗಡಿ ಇವೆಲ್ಲ ಸೇರಿ ಟ್ರಾಲ್ ದೋಣಿಗಳನ್ನು ದಡಕ್ಕೆ ಕಟ್ಟಿದವು. ಎಲ್ಲ ಪುಣ್ಯವೂ ಕಾನೂನಿನದಲ್ಲ.

ಅಲ್ಲೂ ಹವ್ಯಾಸಿಗಳ ಮಾತು ಬಂದಾಗ ರಾಜಕೀಯ ಗೆದ್ದಿತು. 2017ರಲ್ಲಿ ಮೂರೇ ದಿನವಿದ್ದ ಅವರ ಋತುವನ್ನು ವಾಣಿಜ್ಯ ಸಚಿವ ವಿಲ್ಬರ್ ರಾಸ್ 42 ದಿನ ಮಾಡಿದರು. ಇದರಿಂದ ಮೀನಿನ ಚೇತರಿಕೆ ಆರು ವರ್ಷದವರೆಗೂ ಹಿಂದೆ ಬೀಳಬಹುದೆಂದು ಸರ್ಕಾರದ ಆದೇಶದಲ್ಲೇ ಬರೆದಿತ್ತು. ಬರೆದೂ ಸಹಿ ಹಾಕಿದರು.

ಆಗ್ನೇಯ ಕರಾವಳಿಗೆ ನೇರವಾದ ಒಂದು ಮದ್ದು 2025ರ ಜನವರಿಯಲ್ಲಿ ಬಂದಿತ್ತು. ಫ್ಲೋರಿಡಾದ ಈಶಾನ್ಯ ತೀರದಾಚೆ ಚಳಿಗಾಲದ ಮೂರು ತಿಂಗಳು ಸ್ನ್ಯಾಪರ್, ಗ್ರೂಪರ್ ಗುಂಪಿನ 55 ಜಾತಿಗಳಿಗೆ ಗಾಳ ಹಾಕಬಾರದು ಎಂಬ ಪ್ರಸ್ತಾವ. ಗಾಳವೇ ಇಳಿಯದಿದ್ದರೆ ಬಿಡುವ ಮೀನೂ ಇಲ್ಲ. ಊರೆಲ್ಲ ಎದ್ದು ನಿಂತಿತು, ಜೂನ್ ಹೊತ್ತಿಗೆ ಪ್ರಸ್ತಾವ ಕೈಬಿಟ್ಟರು. ಬಾಡಿಗೆ ದೋಣಿಯವನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ, ಒಪ್ಪುತ್ತೇನೆ. ಹಾಗಾದರೆ ಪರಿಹಾರ ಕೊಡಿ, ಕ್ಷೇತ್ರ ಚಿಕ್ಕದು ಮಾಡಿ, ಜಿಂಕೆ ಬೇಟೆಗೆ ಚೀಟಿ ಹಂಚುವ ದೇಶವದು, ಕಲ್ಲಿನ ಮೀನಿಗೂ ದೋಣಿಗಿಷ್ಟು ಚೀಟಿ ಹಂಚಿ. ಮೀನನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವ, ತೂಕ ಕಟ್ಟಿದ ಚಿಮುಟವೊಂದಿದೆ. 2020ರಿಂದ ಅದು ದೋಣಿಯಲ್ಲಿ ಇರಲೇಬೇಕು. ಬಳಸಲೇಬೇಕು ಎಂದೂ ಬರೆಯಿರಿ. ಇದ್ಯಾವುದೂ ಬೇಡ, ದಿನ ಮಾತ್ರ ಹೆಚ್ಚಿಸಿ ಎನ್ನುವವನ ಜೊತೆ ನನಗೆ ಮಾತಿಲ್ಲ.

ಇದನ್ನು ಓದಿ ನಮ್ಮವರು ನಗುವುದು ಬೇಡ. ನಮ್ಮಲ್ಲೂ ಜೂನ್ ಮತ್ತು ಜುಲೈ, 61 ದಿನ ಯಾಂತ್ರೀಕೃತ ದೋಣಿ ಇಳಿಯದಿದ್ದರೆ ಸಂರಕ್ಷಣೆ ಮುಗಿಯಿತು ಎನ್ನುವ ಭಾವನೆಯಿದೆ. ಎರಡು ದೋಣಿ ಸೇರಿ ಬಲೆ ಎಳೆಯುವ ಬುಲ್ ಟ್ರಾಲ್ ಮತ್ತು ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್‌ಗೆ ಕೇಂದ್ರ 2017ರಲ್ಲೇ ನಿಷೇಧ ಹಾಕಿದೆ, ಅದರ ಮೇಲಿನ ಗುದ್ದಾಟ ಇನ್ನೂ ನಿಂತಿಲ್ಲ. ಅಲ್ಲಿ ಇಟ್ಟುಕೊಳ್ಳಲಾಗದೆ ಎಸೆಯುತ್ತಾರೆ, ಇಲ್ಲಿ ಎಸೆಯಲಾಗದೆ ಮಾರುತ್ತಾರೆ. ಆಗಸ್ಟ್ ಕಳೆದ ಮೇಲೆ ಯಾವ ಧಕ್ಕೆಗಾದರೂ ಬೆಳಿಗ್ಗೆ ಹೋಗಿ ನಿಂತರೆ ಕಾಣುತ್ತದೆ: ಅಂಜಲು, ಪಾಂಫ್ರೆಟ್ ಒಂದೊಂದಾಗಿ ಹರಾಜಾಗುತ್ತವೆ. ಬೆರಳುದ್ದದ ಮರಿಗಳಿಗೆ ಹೆಸರಿಲ್ಲ, ಜಾತಿ ಕೇಳುವವರಿಲ್ಲ. ಸಲಿಕೆಯಲ್ಲಿ ಬಾಚಿ, ಬುಟ್ಟಿಗೆ ತುಂಬಿ, ಕಿಲೋ ಲೆಕ್ಕದಲ್ಲಿ ಫಿಶ್‌ಮೀಲ್ ಲಾರಿಗೆ ಸುರಿಯುತ್ತಾರೆ.