ಸದ್ದು ಬೇರೆ, ಶಕ್ತಿ ಬೇರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆ ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಇಟ್ಟುಕೊಂಡಿರುವ ನಮ್ಮವರ ಮನೆಗಳಲ್ಲಿ ಈಗೀಗ ಒಂದು ಜಗಳ ಕೇಳಿಬರುತ್ತಿದೆ. ಊರಿನ ಅಜ್ಜನ ಮನೆಯ ಶೆಡ್ಡಿನಲ್ಲಿ ತುಕ್ಕು ಹಿಡಿದಿದ್ದ ಕೆಎ 19 ನಂಬರಿನ ಯಮಹಾ ಆರ್‌ಎಕ್ಸ್ 100 ಅನ್ನು ಮಗ ಲಾರಿಗೆ ಹಾಕಿಸಿ ಇಲ್ಲಿಗೆ ತರಿಸುತ್ತಾನೆ. ತಂದೆ "ಗುಜರಿಗೆ ಹಾಕು" ಅನ್ನುತ್ತಾರೆ. ಮಗ ಮುನಿಸಿಕೊಂಡು ಊಟ ಬಿಡುತ್ತಾನೆ. ಈ ಜಗಳದಲ್ಲಿ ನಾವು ಅರ್ಧ ಮಗನ ಕಡೆ ಎಂದು ಮೊದಲೇ ಹೇಳಿಬಿಡುತ್ತೇವೆ.

ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾ ಜೊತೆ ಸೇರಿ 1985ರಲ್ಲಿ ಈ ಗಾಡಿಯನ್ನು ಬಿಟ್ಟಿತು, 1996ರಲ್ಲಿ ನಿಲ್ಲಿಸಿತು. ಎಂಜಿನ್ ಬರೀ 98 ಸಿಸಿ, ಶಕ್ತಿ 11 ಎಚ್‌ಪಿ. ಗಾಡಿ ಹಗುರ, ಹಾಗಾಗಿ ಗೇರ್ ಹಾಕಿದರೆ ಚಿಮ್ಮುತ್ತದೆ. ಅದೇ ಕಂಪನಿಯ ರಾಜದೂತ್ 350, ಪಕ್ಕದ ಹೊಸೂರಿನಿಂದ ಬಂದ ಇಂಡ್-ಸುಜುಕಿ, ಎಲ್ಲವೂ ಟು ಸ್ಟ್ರೋಕ್. ಹೊಗೆಯ ನಿಯಮ ಬಿಗಿಯಾದ ಹಾಗೆ ಈ ಜಾತಿಯ ಬೈಕುಗಳು ಶೋರೂಮಿನಿಂದ ಮಾಯವಾದವು. ಈಗ ಚೆನ್ನಾಗಿ ಸರಿಮಾಡಿದ ಒಂದು ಆರ್‌ಎಕ್ಸ್‌ಗೆ ಲಕ್ಷ ದಾಟುತ್ತದೆ ಅಂದರೆ ಅಜ್ಜ ನಂಬುವುದಿಲ್ಲ!

ಈ ಎಂಜಿನ್ ಬಿಚ್ಚಿ ಜೋಡಿಸುವುದು ತಮಾಷೆಯ ಕೆಲಸವಲ್ಲ. ಬೋರ್ 50 ಮಿ.ಮೀ., ಸ್ಟ್ರೋಕ್ ಕೂಡ 50. ಸಿಲಿಂಡರ್ ಸವೆದಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಟು ಸ್ಟ್ರೋಕ್‌ನಲ್ಲಿ ಗಾಳಿ-ಪೆಟ್ರೋಲ್ ಒಳಬರುವುದೂ ಹೊಗೆ ಹೊರಹೋಗುವುದೂ ಸಿಲಿಂಡರ್ ಗೋಡೆಯ ತೂತುಗಳಿಂದ; ಅದನ್ನೇ ಪೋರ್ಟ್ ಅನ್ನುವುದು. ಎಕ್ಸಾಸ್ಟ್ ಪೋರ್ಟನ್ನು ಒಂದು ಮಿ.ಮೀ. ಮೇಲಕ್ಕೆ ಅರೆದರೆ ಹೆಚ್ಚಿನ ವೇಗದಲ್ಲಿ ಎಳೆತ ಸಿಗುತ್ತದೆ, ಕೆಳಗಿನ ವೇಗದಲ್ಲಿ ಹೋಗುತ್ತದೆ. ಜಾಸ್ತಿ ಅರೆದರೆ ವಾಪಸ್ ತುಂಬಲು ಬರುವುದಿಲ್ಲ. ಪೈಪ್ ಬದಲಿಸಿದರೆ ಕಾರ್ಬೋರೇಟರಿನ ಜೆಟ್ ಕೂಡ ನೋಡಬೇಕು. ಇಲ್ಲದಿದ್ದರೆ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಕಾಯುತ್ತದೆ, ಓಡುತ್ತಿರುವಾಗಲೇ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಜಾಮ್ ಆಗುತ್ತದೆ. ಇದನ್ನೆಲ್ಲ ಕಿವಿಯಿಂದ, ಸ್ಪಾರ್ಕ್ ಪ್ಲಗ್ಗಿನ ಬಣ್ಣದಿಂದ ಕಂಡುಹಿಡಿಯುವ ಹುಡುಗ ದಡ್ಡನೇ? ಗ್ಯಾರೇಜಿನಲ್ಲೂ ಕಲಿಸುವವನನ್ನು ಉಸ್ತಾದ್ ಎಂದೇ ಕರೆಯುವುದು, ಸುಮ್ಮನೆ ಅಲ್ಲ.

ಇನ್ನರ್ಧ ನಾವು ತಂದೆಯ ಕಡೆ. ಟು ಸ್ಟ್ರೋಕ್ ಸೈಲೆನ್ಸರಿನ ಹೊಟ್ಟೆ ಬರೀ ಸದ್ದು ತಡೆಯಲು ಇರುವುದಲ್ಲ. ಹೊರಗೆ ಹೋಗುತ್ತಿರುವ ಹೊಸ ಪೆಟ್ರೋಲನ್ನು ಅದು ಒತ್ತಡದ ಅಲೆಯಿಂದ ಸಿಲಿಂಡರಿಗೆ ಹಿಂದೆ ತಳ್ಳುತ್ತದೆ. ಅದನ್ನು ಕತ್ತರಿಸಿ ಖಾಲಿ ಪೈಪ್ ಹಾಕಿದವನಿಗೆ ಸದ್ದು ಸಿಗುತ್ತದೆ, ಇದ್ದ ಶಕ್ತಿಯೂ ಹೋಗುತ್ತದೆ. ನಡುರಾತ್ರಿ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪಟಪಟ ಅನ್ನಿಸಿಕೊಂಡು ಹೋಗುವುದಕ್ಕೆ ಟ್ಯೂನಿಂಗ್ ಎನ್ನಲು ನಾವು ಒಪ್ಪುವುದಿಲ್ಲ. ಇನ್ನು ಬ್ರೇಕ್. ಜಪಾನಿನ ಆರ್‌ಡಿ 350ಗೆ ಮುಂದೆ ಡಿಸ್ಕ್ ಇತ್ತು, ಇಲ್ಲಿನ ರಾಜದೂತ್‌ಗೆ ಡ್ರಮ್ ಹಾಕಿದ್ದರು. ಆರ್‌ಎಕ್ಸ್‌ಗೂ ಡ್ರಮ್ಮೇ. ಓಟ ಹೆಚ್ಚಿಸಿ ನಿಲ್ಲಿಸುವುದನ್ನು ಮರೆತ ಗಾಡಿ ಯಾರ ಮನೆಯ ಮಗನನ್ನು ತಿನ್ನುತ್ತದೋ ಹೇಳಲಾಗದು.

ಜನರ ತಾಳ್ಮೆಯೂ ಮುಗಿದಿದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದ ಹುಡುಗರ ಎರಡು ಸ್ಕೂಟರ್‌ಗಳನ್ನು ಸಿಟ್ಟಿಗೆದ್ದ ಜನರೇ ಎತ್ತಿ ಮೇಲ್ಸೇತುವೆಯಿಂದ ಕೆಳಗೆ ಎಸೆದರು. ಜನ ಕಾನೂನು ಕೈಗೆ ತಗೊಂಡದ್ದು ಸರಿಯಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಎಂದು ಮನೆಯಲ್ಲಿ ಕೂತು ಮಾತಾಡಬೇಕು.

ಕಾನೂನು ಹೀಗಿದೆ. ಕಂಪನಿ ಕೊಟ್ಟ ಸ್ಥಿತಿಗೆ ತರುವ ರಿಪೇರಿಗೆ ಯಾರ ತಕರಾರೂ ಇಲ್ಲ. ಅದನ್ನು ಮೀರಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಒಂದೊಂದು ಬದಲಾವಣೆಗೂ 5,000 ರೂ. ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹದಿನೆಂಟು ತುಂಬದ ಮಗ ಓಡಿಸಿ ತಪ್ಪು ಮಾಡಿದರೆ ತಂದೆಗೇ 25,000 ರೂ. ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ಇದು ವಿಂಟೇಜ್, ಉಸ್ತಾದ್" ಅನ್ನುವವರಿಗೆ ಒಂದು ಮಾತು: 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ಆಗಬೇಕು, ಎಂಜಿನ್, ಚಾಸಿ ಹೆಚ್ಚು ಬದಲಾಗಿರಬಾರದು. ಮೊದಲ ಆರ್‌ಎಕ್ಸ್‌ಗೆ ಆ ಯೋಗ 2035ಕ್ಕೆ. ಅಲ್ಲಿಯವರೆಗೆ ಅಸಲಿ ಸೈಲೆನ್ಸರ್, ಅಸಲಿ ಕಾರ್ಬೋರೇಟರ್ ಉಳಿಸಿಕೊಂಡವನೇ ಜಾಣ.

ರೇಸಿನ ಆಸೆ ಇದ್ದರೆ ಅನುಮತಿ ಪಡೆದ ಟ್ರ್ಯಾಕ್‌ಗಳಿವೆ. ಗಾಡಿಯನ್ನು ಓಡಿಸಿಕೊಂಡಲ್ಲ, ಟೆಂಪೋದಲ್ಲಿ ಹಾಕಿಕೊಂಡು ಹೋಗಲಿ. ಆದರೆ ನಮಗೆ ಮುಖ್ಯ ಕಾಣುವುದು ಬೇರೆ. ಹತ್ತನೇ ತರಗತಿ ಮುಗಿಸಿ ಸಂಜೆಯೆಲ್ಲ ಗ್ಯಾರೇಜಿನಲ್ಲಿ ಕೂರುವ ಹುಡುಗನನ್ನು ಬಲವಂತದಿಂದ ಕಾಮರ್ಸ್‌ಗೆ ಸೇರಿಸುವ ಬದಲು ಐಟಿಐಯ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸಿಗೆ ಕಳಿಸಬಾರದೇಕೆ? ಎರಡೇ ವರ್ಷ. ಈ ನಾಲ್ಕೂ ಪೇಟೆಗಳ ಜಮಾಅತ್‌ನವರು ಮುಂದಿನ ಸಭೆಯಲ್ಲಿ ಅಂಥ ಹುಡುಗರ ಹೆಸರು ಬರೆದುಕೊಳ್ಳಲಿ, ಫೀಸಿಗೆ ಕಷ್ಟ ಇರುವವರನ್ನು ವಿಚಾರಿಸಲಿ. ಅರ್ಜಿ ತುಂಬಲು ಮಗನ ಜೊತೆ ತಂದೆಯೇ ಒಂದು ದಿನ ಅಂಗಡಿ ಬಾಗಿಲು ಹಾಕಿ ಹೋಗಲಿ.