ಟಿಕೆಟ್ ಕೈಯಲ್ಲಿದೆ, ನಿಯಮ ಯಾರಿಗೂ ಗೊತ್ತಿಲ್ಲ

ಸ್ಲೀಪರ್ ಬೋಗಿಯೊಂದರಲ್ಲಿ ಎದುರುಬದುರು ಕುಳಿತ ನಾಲ್ವರು ತಮ್ಮ ತಮ್ಮ ಟಿಕೆಟ್ ಹೊರತೆಗೆದು ಹೋಲಿಸಿ ನೋಡಿದರೆ ಒಬ್ಬರ ದರ ಇನ್ನೊಬ್ಬರಿಗೆ ಹೊಂದುವುದಿಲ್ಲ. ಮೊದಲನೆಯವರು ಎರಡು ತಿಂಗಳ ಮುಂಚೆಯೇ ಮಾಮೂಲು ದರ ಕೊಟ್ಟಿರುತ್ತಾರೆ. ಎರಡನೆಯವರು ಹಿಂದಿನ ದಿನ ಬೆಳಗ್ಗೆ ಹನ್ನೊಂದಕ್ಕೆ ಕಾದು ಕುಳಿತು ತತ್ಕಾಲ್ ಶುಲ್ಕ ತೆತ್ತಿರುತ್ತಾರೆ. ಮೂರನೆಯವರದು ಪ್ರೀಮಿಯಂ ತತ್ಕಾಲ್. ಬೇಡಿಕೆ ಏರಿದಂತೆ ಅವರ ದರವೂ ಏರಿರುತ್ತದೆ. ನಾಲ್ಕನೆಯವರು ಆರ್‌ಎಸಿ. ಪೂರ್ತಿ ಬರ್ತ್‌ನ ಹಣ ಕೊಟ್ಟು, ಅರ್ಧ ಬರ್ತ್‌ನಲ್ಲಿ ಅಪರಿಚಿತರೊಬ್ಬರ ಪಕ್ಕ ಕಾಲು ಮಡಚಿ ಕುಳಿತವರು.

ದರದಲ್ಲಿ ವ್ಯತ್ಯಾಸ ಇರಬಾರದೆಂಬುದು ನನ್ನ ವಾದವಲ್ಲ. ಹಬ್ಬದ ಹೊತ್ತಿಗೆ ಖಾಸಗಿ ಬಸ್ಸಿನವರೂ ದರ ಏರಿಸುತ್ತಾರೆ, ನಾವು ಶಪಿಸುತ್ತೇವೆ. ಆದರೆ ಅಲ್ಲಿ ಕೊಡುವ ಹಣವೆಷ್ಟು, ಸಿಗುವ ಸೀಟು ಯಾವುದು ಎಂಬುದು ಕಣ್ಣೆದುರಿಗಿರುತ್ತದೆ. ರೈಲಿನಲ್ಲಿ ಹಣ ಕೊಟ್ಟ ಮೇಲೂ ನಾವು ಕೊಂಡದ್ದೇನು ಎಂಬುದು ತಿಳಿಯುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ವೇಟಿಂಗ್ ಲಿಸ್ಟ್‌ನ ಉದಾಹರಣೆಯನ್ನೇ ನೋಡಿ. ಅದು ಒಂದೇ ಪಟ್ಟಿಯೆಂದು ನಂಬಿದವರೇ ಹೆಚ್ಚು. ಬೆಂಗಳೂರಿನಿಂದ ಹೊರಟು ದಾವಣಗೆರೆ, ಹುಬ್ಬಳ್ಳಿ ದಾಟಿ ಉತ್ತರಕ್ಕೆ ಸಾಗುವ ಉದ್ದದ ರೈಲೊಂದನ್ನು ಊಹಿಸಿಕೊಳ್ಳಿ. ಹೊರಡುವ ನಿಲ್ದಾಣದವರಿಗೆ ಸಾಮಾನ್ಯ ಪಟ್ಟಿ, ನಡುವಿನ ದೊಡ್ಡ ಊರಿನವರಿಗೆ ಬೇರೊಂದು, ನಡುವಿನ ಹಲವು ಸಣ್ಣ ಊರುಗಳಿಗೆ ಒಟ್ಟಾಗಿ ಮತ್ತೊಂದು, ತತ್ಕಾಲ್‌ನದು ಇನ್ನೊಂದು. ಸಾಮಾನ್ಯ ಪಟ್ಟಿಯ ನಲವತ್ತನೆಯವರಿಗೆ ಬರ್ತ್ ಸಿಕ್ಕು, ನಡುವಿನ ಊರಿನ ಪಟ್ಟಿಯ ಎಂಟನೆಯವರು ಮನೆಯಲ್ಲೇ ಉಳಿಯುವುದು ಸಾಧ್ಯ. ಇದನ್ನು ಹೇಳುವುದು ನಾಲ್ಕು ಇಂಗ್ಲಿಷ್ ಅಕ್ಷರಗಳ ಒಂದು ಸಂಕೇತ ಮಾತ್ರ. ಬಲ್ಲವರು ಹಿಂದಿನ ನಿಲ್ದಾಣದಿಂದಲೇ ಟಿಕೆಟ್ ತೆಗೆದು, ಹತ್ತುವ ಊರನ್ನು ಬದಲಿಸಿಕೊಂಡು, ಪ್ರಯಾಣ ಮಾಡದ ದೂರಕ್ಕೂ ಹಣ ಕೊಡುತ್ತಾರೆ. ಅರಿಯದವರು ಎಂಟು ಎಂಬ ಅಂಕಿಯನ್ನು ನಂಬಿ ಕಾಯುತ್ತಾರೆ.

ಕಾದು ಬರ್ತ್ ಸಿಗದಿದ್ದರೆ? ಆನ್‌ಲೈನ್ ಟಿಕೆಟ್ ತಾನಾಗಿ ರದ್ದಾಗುತ್ತದೆ. ಆಗ ತಲಾ 60 ರೂಪಾಯಿ ಕಡಿದುಕೊಳ್ಳುವ ಏರ್ಪಾಟನ್ನು 2015ರ ಮರುಪಾವತಿ ನಿಯಮ ತಂದಿತು. ಜಾಗ ಕೊಡಲಾಗದೇ ಹೋದದ್ದು ರೈಲ್ವೆ, ದಂಡ ತೆತ್ತದ್ದು ಪ್ರಯಾಣಿಕ. ಟಿಕೆಟ್ ಮಾಡಿಸಿದ ಸೇವೆಗೆಂದು ಪಡೆದ ಶುಲ್ಕವೂ ಮರಳುವುದಿಲ್ಲ. ಇದನ್ನು ಯಾವ ನ್ಯಾಯಶಾಸ್ತ್ರದ ಪ್ರಕಾರ ಸಮರ್ಥಿಸುತ್ತಾರೋ ನಾನರಿಯೆ.

ಕಾಯ್ದಿರಿಸದ ಟಿಕೆಟ್ ಕೊಳ್ಳುವ ಬಡವರ ಪಾಡು ಇದಕ್ಕಿಂತ ಕಠಿಣ. 199 ಕಿಲೋಮೀಟರ್‌ವರೆಗಿನ ಟಿಕೆಟ್ ಪಡೆದವರು ಮೂರು ಗಂಟೆಯೊಳಗೆ, ಅಥವಾ ಆ ದಿಕ್ಕಿಗೆ ಹೊರಡುವ ಮೊದಲ ರೈಲಿನಲ್ಲಿ ಪ್ರಯಾಣ ಆರಂಭಿಸಬೇಕು. ತುಮಕೂರಿನಿಂದ ಬೆಂಗಳೂರಿಗೆ ಕೂಲಿಗೆ ಹೋಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆ? ಪ್ಯಾಸೆಂಜರ್ ರೈಲಿನ ಟಿಕೆಟ್ ಹಿಡಿದು ಸೂಪರ್‌ಫಾಸ್ಟ್ ಹತ್ತಿದರೆ ದಂಡ ಬೇರೆ. ವೇಳಾಪಟ್ಟಿಯಲ್ಲಿ ಗಂಟೆಗೆ ಸರಾಸರಿ 55 ಕಿ.ಮೀ. ವೇಗವಿದ್ದರೆ ಸಾಕು, ರೈಲು ಸೂಪರ್‌ಫಾಸ್ಟ್ ಎನಿಸಿಕೊಳ್ಳುತ್ತದೆ. (ಹೆದ್ದಾರಿಯಲ್ಲಿ ಲಾರಿಗಳೂ ಇದಕ್ಕಿಂತ ಜೋರಾಗಿ ಓಡುತ್ತವೆ.) ದಾರಿಯಲ್ಲಿ ತಡವಾದರೂ ಆ ಹೆಚ್ಚುವರಿ ಶುಲ್ಕ ಮರಳದು. ಕೋವಿಡ್ ಕಾಲದಲ್ಲಂತೂ ಪ್ಯಾಸೆಂಜರ್ ರೈಲುಗಳಿಗೆ ‘ವಿಶೇಷ’ ಎಂಬ ನಾಮಫಲಕ ತಗುಲಿಸಿ, 10 ರೂಪಾಯಿಯ ಕನಿಷ್ಠ ದರವನ್ನು 30ಕ್ಕೆ ಏರಿಸಲಾಯಿತು. ರೈಲು ಅದೇ, ಹಳಿ ಅದೇ, ಬೆಂಚೂ ಅದೇ. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ.

ಇಂಥ ತೀರ್ಮಾನಗಳು ಎಲ್ಲಿ ಆಗುತ್ತವೆ ಎಂಬುದೇ ಮುಖ್ಯ ಪ್ರಶ್ನೆ. ಪ್ರತ್ಯೇಕ ರೈಲ್ವೆ ಬಜೆಟ್ ಇದ್ದ ಕಾಲದಲ್ಲಿ ದರ ಏರಿಕೆಯ ಸುದ್ದಿ ಬಹುಮಟ್ಟಿಗೆ ಸಂಸತ್ತಿನಿಂದಲೇ ಬರುತ್ತಿತ್ತು. ವಿರೋಧ ಪಕ್ಷದವರು ಎದ್ದು ಕೂಗುತ್ತಿದ್ದರು, ಮರುದಿನ ಪತ್ರಿಕೆಗಳಲ್ಲಿ ಊರೂರಿನ ದರಪಟ್ಟಿ ಅಚ್ಚಾಗುತ್ತಿತ್ತು. ಆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್ಟಿನಲ್ಲಿ ಕರಗಿತು. ಅದಕ್ಕೂ ಮುನ್ನವೇ, 2016ರ ಏಪ್ರಿಲ್‌ನಿಂದ, ಪ್ರತ್ಯೇಕ ಬರ್ತ್ ಕೇಳಿದರೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೂ ಪೂರ್ಣ ದರವೆಂಬ ನಿಯಮ ಸುತ್ತೋಲೆಯಲ್ಲಿ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಫ್ಲೆಕ್ಸಿ ದರವೂ ಬಂತು: ಹತ್ತು ಶೇಕಡ ಸೀಟು ಮಾರಾಟವಾದಂತೆಲ್ಲ ಮೂಲ ದರ ಶೇ 10ರಷ್ಟು ಮೇಲಕ್ಕೆ. ಹಿರಿಯ ನಾಗರಿಕರಿಗಿದ್ದ, ಪುರುಷರಿಗೆ ಶೇ 40 ಮತ್ತು ಮಹಿಳೆಯರಿಗೆ ಶೇ 50ರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಸೋಂಕಿನ ನೆಪದಲ್ಲಿ ನಿಂತಿತು. ಸೋಂಕು ಹೋಯಿತು. ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಾದರೂ ಅದನ್ನು ಮರಳಿ ಕೊಡುವುದನ್ನು ಪರಿಗಣಿಸಬೇಕೆಂದು ಸಂಸದೀಯ ಸ್ಥಾಯಿ ಸಮಿತಿಯೇ ಹೇಳಿತು. ರಿಯಾಯಿತಿ ಮಾತ್ರ ಬರಲಿಲ್ಲ.

ನಷ್ಟದ ಕಥೆ ನನಗೆ ತಿಳಿಯದ್ದಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ನ್ನು ಮಾತ್ರ ಟಿಕೆಟ್ಟಿನಿಂದ ವಸೂಲು ಮಾಡುತ್ತಿದ್ದೇವೆಂದು ರೈಲ್ವೆ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿಸಿ ನಮಗೆ ನೆನಪಿಸಿದೆ. ಆ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಸಾರ್ವಜನಿಕ ಸಾರಿಗೆಗೆ ಸರ್ಕಾರ ಹಣ ಕೊಡುವುದು ಉಪಕಾರವೇನೂ ಅಲ್ಲ ಎಂಬುದು ಬೇರೆ ಮಾತು. ಆದರೆ ತಾನು ಹೊತ್ತ ಹೊರೆಯನ್ನು ಹೇಳಿಕೊಳ್ಳಲು ಆ ಚೀಟಿಯಲ್ಲಿ ಜಾಗ ಹುಡುಕಿದ ಇಲಾಖೆಗೆ, ‘ನಿಮ್ಮದು ನಡುವಿನ ನಿಲ್ದಾಣದ ಪಟ್ಟಿ, ಬರ್ತ್ ಸಿಗುವ ಸಂಭವ ಕಡಿಮೆ’ ಎಂಬ ಒಂದು ಸಾಲಿಗೆ ಜಾಗವಿಲ್ಲವೇ? ಟಿಕೆಟ್ ರದ್ದು ಮಾಡಿದರೆ ಯಾವ ಗಂಟೆಯವರೆಗೆ ಎಷ್ಟು ರೂಪಾಯಿ ಮರಳುತ್ತದೆ ಎಂಬುದನ್ನು ಶೇಕಡವಾರು ಸೂತ್ರದಲ್ಲಲ್ಲ, ರೂಪಾಯಿಯಲ್ಲೇ ಬರೆಯಲು ಗಣಕಯಂತ್ರಕ್ಕೆ ಕಷ್ಟವೇ?

ರಾಜ್ಯದ ನಿಲ್ದಾಣಗಳಲ್ಲಿ ಕಾಯ್ದಿರಿಸದ ಟಿಕೆಟ್ಟಿನ ಮೇಲೆ ಕನ್ನಡ ಕಾಣಿಸತೊಡಗಿದ್ದು 2018ರಲ್ಲಿ, ಅದೂ ವರ್ಷಗಳ ಒತ್ತಾಯದ ನಂತರ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆ ಮುಂದಿನ ಹೆಜ್ಜೆಯಾಗಿ ಮೂರು ಗಂಟೆಯ ನಿಯಮವನ್ನು, ಸೂಪರ್‌ಫಾಸ್ಟ್ ಶುಲ್ಕವನ್ನು, ನಾಲ್ಕು ಬಗೆಯ ವೇಟಿಂಗ್ ಲಿಸ್ಟ್‌ನ ಅರ್ಥವನ್ನು ಪ್ರತಿ ಕೌಂಟರಿನ ಮೇಲೆ ದಪ್ಪ ಅಕ್ಷರದ ಕನ್ನಡದಲ್ಲಿ ಬರೆಸಲಿ. ಇದಕ್ಕೆ ದೆಹಲಿಯ ಸುತ್ತೋಲೆ ಬೇಕೆಂದು ನನಗನ್ನಿಸುವುದಿಲ್ಲ. ಒಬ್ಬ ಪೇಂಟರ್ ಸಾಕು.